ಎರಡೇ ಸೀಟಿನ ಗಾಡಿಯಲ್ಲಿ ಬೆಂಗಳೂರಿಗೆ

ಧರ್ಮಗುರುವೊಬ್ಬ ಸ್ಪೋರ್ಟ್ಸ್ ಕಾರಿನ ಬಗ್ಗೆ ಬರೆಯುತ್ತಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ನನ್ನ ಬಳಿ ಇರುವುದು ಹಳೆಯ ಮೋಟರ್ ಸೈಕಲ್ ಒಂದೇ. ಆದರೂ 2024ರ ಜನವರಿಯಲ್ಲಿ, ಕ್ರಿಸ್ತಜಯಂತಿಯ ಗಡಿಬಿಡಿ ಮುಗಿದು ತಪಸ್ಸುಕಾಲ ಇನ್ನೂ ಶುರುವಾಗದ ಬಿಡುವಿನಲ್ಲಿ, ಇಪ್ಪತ್ತು ವರ್ಷ ದಾಟಿದ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಕೂತು ಕಸಬೆ ಡಿಗ್ರಜದಿಂದ ಬೆಂಗಳೂರಿಗೆ ಹೋಗಿ ಬಂದೆ. ಹೋದದ್ದು ಗಾಡಿಯಲ್ಲಿ, ಬಂದದ್ದು ರೈಲಿನಲ್ಲಿ. ಅದೇಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಕಸಬೆ ಡಿಗ್ರಜ ಸಾಂಗ್ಲಿಯ ಪಕ್ಕದಲ್ಲಿ ಕೃಷ್ಣಾ ನದಿಯ ಆಚೆ ದಂಡೆಗಿರುವ ದೊಡ್ಡ ಊರು. ಸುತ್ತ ಕಬ್ಬು. ಮಾತು ಮರಾಠಿ, ಆದರೆ ಅಥಣಿ, ಕಾಗವಾಡ ಕಡೆಯಿಂದ ಹೋಗಿ ನೆಲೆಸಿದ ಮನೆಗಳಲ್ಲಿ ಕನ್ನಡ ಇನ್ನೂ ಉಳಿದಿದೆ. ಅಂಥ ಒಂದು ಮನೆಯ ಹಿರಿಯರೇ ಈ ಗಾಡಿಯ ಯಜಮಾನರು. ಹೆಸರು ಹಾಕಬೇಡಿ ಎಂದಿದ್ದಾರೆ. ಊರೆಲ್ಲ ಕರೆಯುವ ಹಾಗೆ ನಾನೂ ಕಾಕಾ ಎನ್ನುತ್ತೇನೆ. ಆಗ ಅವರಿಗೆ 71 ವರ್ಷ. ಕಾರ್ಖಾನೆಯಲ್ಲಿ ಟರ್ನರ್ ಆಗಿ ದುಡಿದು ನಿವೃತ್ತರಾದವರು.

ಗಾಡಿ ಯಾವುದು ಎಂದು ಯುವಕರು ಕೇಳಬಹುದು. ಅದು ಸ್ಯಾನ್ ಸ್ಟಾರ್ಮ್. ಹೆಚ್ಚಿನವರು ಹೆಸರನ್ನೂ ಕೇಳಿರಲಿಕ್ಕಿಲ್ಲ. ಬೆಂಗಳೂರಿನಲ್ಲಿ ಡೀಸೆಲ್ ರೈಲು ಎಂಜಿನ್ ತಯಾರಿಸುವ ಸ್ಯಾನ್ ಸಮೂಹದವರು 1990ರ ದಶಕದ ಕೊನೆಯಲ್ಲಿ ಹೊರತಂದ ಪುಟ್ಟ ಕಾರು. ವಿನ್ಯಾಸ ಫ್ರಾನ್ಸಿನವರದು, ಎಂಜಿನ್ ರೆನೋ ಕಂಪನಿಯ 1149 ಸಿಸಿ, ಸುಮಾರು 60 ಅಶ್ವಶಕ್ತಿಯದು. ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. ಮೇಲಿನ ಹೊದಿಕೆಯನ್ನು ಮಡಚಿಟ್ಟರೆ ತಲೆಯ ಮೇಲೆ ಬರೀ ಆಕಾಶ. ಎರಡೇ ಬಾಗಿಲು, ಎರಡೇ ಸೀಟು. ಮಾರುತಿ, ಅಂಬಾಸಿಡರ್‌ಗಳ ಆ ಕಾಲದಲ್ಲಿ ನಮ್ಮ ದೇಶದಲ್ಲೇ ಇಂಥದೊಂದು ಗಾಡಿ ಮಾಡಲು ಹೊರಟದ್ದೇ ಒಂದು ಧೈರ್ಯ. ಆದರೆ ಎರಡು ಸೀಟಿನ ಕಾರು ನಮ್ಮ ಸಂಸಾರಗಳಿಗೆ ಹೊಂದುವುದಾದರೂ ಹೇಗೆ? ಹೆಚ್ಚು ಮಾರಾಟವಾಗಲಿಲ್ಲ, ತಯಾರಿಕೆ ನಿಂತಿತು. ಕಾಕಾ ತಮ್ಮದನ್ನು 2006ರಲ್ಲಿ ಕೊಲ್ಹಾಪುರದಲ್ಲಿ ಕೆಟ್ಟು ನಿಂತಿದ್ದಾಗ ಕಡಿಮೆ ಬೆಲೆಗೆ ಕೊಂಡು, ತಾವೇ ಬಿಚ್ಚಿ ಜೋಡಿಸಿ ರಸ್ತೆಗೆ ಇಳಿಸಿದ್ದರು. ಆ ಎರಡನೆಯ ಸೀಟು ಕಾಕುವಿನದು. ಪ್ರತಿ ಭಾನುವಾರ ಬಲಿಪೂಜೆಗೆ ಇಬ್ಬರೂ ಅದರಲ್ಲೇ ಬರುತ್ತಿದ್ದರು. ಕಾಕು ಗಾಳಿಗೆ ಹಾರದಂತೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕೂತಿರುತ್ತಿದ್ದರಂತೆ.

ಕಾಕು 2021ರಲ್ಲಿ ತೀರಿಕೊಂಡರು.

ಬೆಂಗಳೂರಿಗೆ ಹೋಗುವ ಯೋಚನೆ ಕಾಕಾನಿಗೆ ಬಂದದ್ದು ಪತ್ರಿಕೆಯ ಒಂದು ಸುದ್ದಿಯಿಂದ. 2023ರಲ್ಲಿ ಅಹಮದಾಬಾದಿನ ಠಾಕೋರ್ ಕುಟುಂಬದವರು ತಮ್ಮ 1950ರ ಎಂ.ಜಿ. ಕಾರನ್ನು, ಅದಕ್ಕೆ ಅವರಿಟ್ಟ ಹೆಸರು ಲಾಲ್ ಪರಿ, ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದವರೆಗೆ ಓಡಿಸಿಕೊಂಡು ಹೋದರು. ಸಮುದ್ರವನ್ನು ಹಡಗಿನಲ್ಲಿ ದಾಟಿಸಿ, ಉಳಿದುದೆಲ್ಲ ರಸ್ತೆಯಲ್ಲಿ. ಆ ಗಾಡಿ ಹುಟ್ಟಿದ ಊರೇ ಆಬಿಂಗ್ಡನ್. ಅಜ್ಜ, ಮಗ, ಮೊಮ್ಮಗಳು ಹೀಗೆ ಮೂರು ತಲೆಮಾರು ಜೊತೆಯಾಗಿ ಹೋಗಿತ್ತು. ಕಾಕಾ ಆ ಸುದ್ದಿಯನ್ನು ಕತ್ತರಿಸಿ ನನಗೆ ತೋರಿಸಿ, “ಅವರು ಇಂಗ್ಲೆಂಡ್‌ತನಕ ಹ್ವಾದ್ರ ನಾ ಬೆಂಗಳೂರಿಗೆ ಹೋಗಾಕ ಆಗೂದಿಲ್ಲೇನ್ರಿ ಫಾದರ್?” ಎಂದರು. ಬೆಂಗಳೂರಿನಲ್ಲಿ ಅವರ ಮಗಳಿದ್ದಾಳೆ. ಎರಡು ವರ್ಷದಿಂದ ಆಕೆ ಊರಿಗೆ ಬಂದಿರಲಿಲ್ಲ.

ಒಬ್ಬರನ್ನೇ ಕಳಿಸಲು ಮಗ ಒಪ್ಪಲಿಲ್ಲ. ಅವನಿಗೋ ರಜೆ ಇಲ್ಲ. “ಫಾದರ್ ಜೊತೆಗಿದ್ದರೆ ಹೋಗಲಿ” ಎಂದು ಅವನೇ ನನ್ನನ್ನು ಸಿಕ್ಕಿಸಿದ.

ತಯಾರಿಗೆ ಒಂದೂವರೆ ತಿಂಗಳು ಹಿಡಿಯಿತು. ಹಳೆಯ ಗಾಡಿಯನ್ನು ಮನೆಯ ಅಂಗಳದಲ್ಲಿ ಇಟ್ಟುಕೊಂಡಿರುವ ವಾಚಕರು ಇದ್ದಾರು, ಅವರಿಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಳೆಯ ಕಾರು ಎಂದರೆ ನಾವು ಎಂಜಿನ್ನಿನ ಚಿಂತೆ ಮಾಡುತ್ತೇವೆ. ಕಾಕಾನ ಚಿಂತೆಯೆಲ್ಲ ರಬ್ಬರಿನದು. ಓಡಲಿ, ನಿಂತಿರಲಿ, ರಬ್ಬರಿಗೆ ವಯಸ್ಸಾಗುತ್ತದೆ. ಎಂಜಿನ್ನಿನ ಒಳಗಿನ ಟೈಮಿಂಗ್ ಬೆಲ್ಟ್ ಹರಿದರೆ ಗಾಡಿ ಅಲ್ಲಿಯೇ ನಿಂತಿತು, ಜೊತೆಗೆ ದೊಡ್ಡ ಖರ್ಚೂ ಬರಬಹುದು. ಆದ್ದರಿಂದ ಅದನ್ನು ಕಿಲೋಮೀಟರ್ ಲೆಕ್ಕದಿಂದ ಮಾತ್ರವಲ್ಲ, ವರ್ಷದ ಲೆಕ್ಕದಿಂದಲೂ ಬದಲಿಸಬೇಕು. ರೇಡಿಯೇಟರಿನ ಹೋಸ್ ಪೈಪುಗಳನ್ನು ಹಿಸುಕಿ ನೋಡಿದರೆ ಬಿರುಕು ಗೊತ್ತಾಗುತ್ತದೆ. ಬಿಡಿಭಾಗ ಎಲ್ಲಿಯೂ ಸಿಗದ ಗಾಡಿ ಇದು; ಕಾಕಾ ಹಳೆಯ ಪೈಪನ್ನೇ ಕೈಯಲ್ಲಿ ಹಿಡಿದು ಸಾಂಗ್ಲಿ, ಕೊಲ್ಹಾಪುರದ ಅಂಗಡಿಗಳನ್ನು ಅಲೆದು, ಅಳತೆ ಹೊಂದುವ ಬೇರೆ ಗಾಡಿಯ ಪೈಪುಗಳನ್ನು ತಂದು ಕೂಡಿಸಿದರು.

ಟಾಯರ್‌ಗಳಲ್ಲಿ ಗುಂಡಿ ಚೆನ್ನಾಗಿಯೇ ಇತ್ತು. ಆದರೂ ಬದಲಿಸಿದರು. ಟಾಯರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ, ನೀವೂ ನೋಡಿ: 2313 ಎಂದಿದ್ದರೆ 2013ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಸವೆಯದೆ ಇದ್ದರೂ ಹತ್ತು ವರ್ಷದ ಟಾಯರ್ ಹೆದ್ದಾರಿಯ ಬಿಸಿಗೆ ಸಿಡಿಯಬಹುದು. ಬ್ರೇಕ್ ಆಯಿಲ್ ಕೂಡ ಹಾಗೆಯೇ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸದು ಹಾಕಬೇಕು.

ಇನ್ನು ಪೆಟ್ರೋಲು. 2023ರಿಂದ ನಮ್ಮ ಬಂಕುಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿ, ಈಗ ಎಲ್ಲೆಡೆ ಅದೇ ಆಗಿದೆ. ಹಳೆಯ ಗಾಡಿಗಳ ಪೆಟ್ರೋಲ್ ಪೈಪು, ವಾಶರ್‌ಗಳು ಅದಕ್ಕೆಂದು ಮಾಡಿದವುಗಳಲ್ಲ; ಉಬ್ಬುತ್ತವೆ, ಸೀಳುತ್ತವೆ. ಪೆಟ್ರೋಲ್ ಸೋರಿ ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಬೆಂಕಿಯೇ. ಎಥನಾಲ್ ಕಬ್ಬಿನಿಂದಲೂ ಆಗುತ್ತದೆ ತಾನೇ? “ನಮ್ಮ ಹೊಲದ ಕಬ್ಬ ನಮ್ಮ ಗಾಡಿ ಪೈಪ್ ತಿನ್ನಾಕತೈತಿ ನೋಡ್ರಿ” ಎಂದು ಕಾಕಾ ನಗುತ್ತ ಎಲ್ಲ ಪೈಪುಗಳನ್ನೂ ಹೊಸದಾಗಿ ಹಾಕಿದರು.

ಕಾಗದ ಪತ್ರಗಳನ್ನೂ ಮರೆಯಬಾರದು. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯೂ ಇದೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಬೇರೆ ನಿಯಮ ಮಾಡಿ, ವಿಂಟೇಜ್ ಎಂದು ನೋಂದಾಯಿಸಲು ಅವಕಾಶ ಕೊಟ್ಟಿದೆ. ಕಾಕಾನ ಗಾಡಿಗೆ ಅದು ಸಲ್ಲುವುದಿಲ್ಲ, ಅದರ ವಯಸ್ಸು ಅತ್ತ ಹೊಸದೂ ಅಲ್ಲ, ಇತ್ತ ಪುರಾತನವೂ ಅಲ್ಲ. ಚಾಲಕರಿಗೂ ತಪಾಸಣೆ ಉಂಟು. ಕಾಕಾ ಹಿಂದಿನ ವರ್ಷವೇ ಮಿರಜದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಆದರೂ ಕತ್ತಲಾದ ಮೇಲೆ ಗಾಡಿ ಓಡಿಸಬಾರದೆಂದು ನಾನು ಷರತ್ತು ಹಾಕಿದೆ.

ಹೊರಡುವ ದಿನ ತಿಳಿಯಿತು, ಈ ಗಾಡಿಯಲ್ಲಿ ಸಾಮಾನಿಗೆ ಜಾಗವಿಲ್ಲ. ಇದ್ದಷ್ಟು ಜಾಗವನ್ನು ಕಾಕಾನ ಪಾನೆಗಳು, ಜಾಕ್, ಎರಡು ಲೀಟರ್ ಕೂಲಂಟ್, ಬೆಲ್ಟು, ವಾಯರು, ಫ್ಯೂಸುಗಳು ಹಿಡಿದಿದ್ದವು. ನನ್ನ ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡೆ. ಡ್ಯಾಶ್ ಬೋರ್ಡಿನ ಪುಟ್ಟ ಗೂಡಿನಲ್ಲಿ ನೀಲಿ ರಟ್ಟಿನ ಒಂದು ನೋಟ್ ಬುಕ್, ದಾರ ಕಟ್ಟಿದ ಪೆನ್ನು ಇದ್ದವು. “ಆ ಕಡಿ ಸೀಟಿನ್ಯಾಗ ಕೂತವರು ಬರೀಬೇಕ್ರಿ. ಎಷ್ಟ್ ಕಿಲೋಮೀಟರ್ ಆತು, ಎಷ್ಟ್ ಎಣ್ಣಿ ಹಾಕಿಸಿದ್ವಿ, ಎಲ್ಲಾ” ಎಂದರು ಕಾಕಾ. ಹಿಂದಿನ ಪುಟಗಳಲ್ಲಿ ಕಾಕುವಿನ ಅಕ್ಷರ. ಗುಂಡಗೆ, ಶಾಲೆಯ ಹುಡುಗಿ ಬರೆದಂತೆ.

ಬೆಳಿಗ್ಗೆ ಆರಕ್ಕೆ ಕೃಷ್ಣೆಯನ್ನು ದಾಟಿ, ಸಾಂಗ್ಲಿ, ಜೈಸಿಂಗಪುರ, ಹಾತಕಣಂಗಲೆಯ ಮೇಲೆ ಹಾದು ಹೆದ್ದಾರಿ ಸೇರಿದೆವು. ಪುಣೆಯಿಂದ ಬೆಂಗಳೂರಿಗೆ ಹೋಗುವ ಈ ದಾರಿಯನ್ನು ನಮ್ಮ ಹಿರಿಯರು ಇನ್ನೂ ನಾಲ್ಕನೇ ನಂಬರ್ ರೋಡ್ ಎಂದೇ ಕರೆಯುತ್ತಾರೆ. ಈಗ ಅದರ ಸಂಖ್ಯೆ 48. ಬೆಂಗಳೂರಿನವರೆಗೆ ಸುಮಾರು 650 ಕಿಲೋಮೀಟರ್. ಹೊಸ ಕಾರಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಾವು ಮೂರು ದಿನ ಎಂದು ಗೊತ್ತುಮಾಡಿದ್ದೆವು. ವೇಗ ಎಪ್ಪತ್ತು, ಹೆಚ್ಚೆಂದರೆ ಎಂಬತ್ತು. ಎರಡು ತಾಸಿಗೊಮ್ಮೆ ನಿಲ್ಲಿಸಿ ಗಾಡಿಯ ಕೆಳಗೆ ಬಗ್ಗಿ ನೋಡುವುದು, ಏನಾದರೂ ಸೋರಿದೆಯೇ ಎಂದು.

ಸ್ಪೋರ್ಟ್ಸ್ ಕಾರಿನಲ್ಲಿ ಕೂತರೆ ಸುಖ ಎಂದುಕೊಂಡಿದ್ದೆ. ನೆಲಕ್ಕೆ ತಾಗಿಕೊಂಡಂತೆ ಕೂರಬೇಕು. ಪಕ್ಕದಲ್ಲಿ ಲಾರಿ ಬಂದರೆ ಕಾಣುವುದು ಅದರ ಗಾಲಿಯ ನಟ್ಟುಗಳೇ. ಪ್ರತಿ ರೋಡ್ ಹಂಪಿನಲ್ಲಿ ಗಾಡಿಯ ಹೊಟ್ಟೆ ಉಜ್ಜದಂತೆ ಓರೆಯಾಗಿ ಹತ್ತಿಸಬೇಕು. ಹೊದಿಕೆ ತೆಗೆದಿದ್ದರಿಂದ ಗಾಳಿ, ಧೂಳು, ಡೀಸೆಲ್ ಹೊಗೆ ಎಲ್ಲವೂ ನಮಗೇ. ಇಳಿಯುವುದಂತೂ ಒಂದು ಸಾಹಸ. ಕಾಗಲ್‌ನಲ್ಲಿ ಚಹಾಕ್ಕೆ ನಿಂತಾಗ ನಾನು ಎರಡು ಕೈ ಊರಿ ಹೊರಬರುವುದನ್ನು ನೋಡಲು ಮಕ್ಕಳು ಸೇರಿದ್ದರು. ಆದರೆ ಬೆಳಗಿನ ಬಿಸಿಲು, ಇಕ್ಕೆಲದ ಕಬ್ಬಿನ ವಾಸನೆ, ಎಲ್ಲೋ ಬೆಲ್ಲ ಕಾಯಿಸುವ ಘಮ, ಇವೂ ಹಾಗೆಯೇ ನೇರವಾಗಿ ಬಂದು ಮುಟ್ಟುತ್ತವೆ ಎನ್ನುವುದನ್ನೂ ಹೇಳಲೇಬೇಕು.

ನಿಪ್ಪಾಣಿ ದಾಟಿದ ಮೇಲೆ ತವಂದಿ ಘಾಟ. ಏರು ಶುರುವಾಗುತ್ತಲೇ ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ. ಅದರ ಹಿಂದೆ ಲಾರಿಗಳ ಸಾಲು. ಆಳು ನಡೆಯುವ ವೇಗದಲ್ಲಿ ಹತ್ತತೊಡಗಿದೆವು. ಬಿಸಿಯ ಮುಳ್ಳು ಮೇಲೇರುವುದನ್ನು ಮೊದಲು ನೋಡಿದವನು ನಾನೇ. ವೇಗದಲ್ಲಿದ್ದಾಗ ರೇಡಿಯೇಟರಿಗೆ ಗಾಳಿ ತಾನಾಗಿ ಬಡಿಯುತ್ತದೆ, ನಿಧಾನವಾದಾಗ ಫ್ಯಾನೇ ಗತಿ. ಫ್ಯಾನು ತಿರುಗುತ್ತಿರಲಿಲ್ಲ. ಕಾಕಾ ಕೂಡಲೇ ಗಾಡಿಯನ್ನು ಬದಿಗೆ ತೆಗೆದು ಎಂಜಿನ್ ಆರಿಸಿದರು. ನಾನು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದೆ, “ಬ್ಯಾಡ್ರಿ ಫಾದರ್!” ಎಂದು ಕೂಗಿ ನನ್ನ ಕೈ ಎಳೆದರು. ಬಿಸಿಯಿದ್ದಾಗ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಅರ್ಧ ತಾಸು ಕಾಯಬೇಕು, ಬೇರೆ ದಾರಿಯಿಲ್ಲ.

ಕಾಯುತ್ತ ಕೂತಾಗ ಕಾಕಾ ಕಾರಣ ಹುಡುಕಿದರು. ಫ್ಯಾನಿನ ರಿಲೇ ಕೂರುವ ಜಾಗದಲ್ಲಿ ತಾಮ್ರ ಹಸಿರುಗಟ್ಟಿತ್ತು. “ಇದು 2019ರ ನೀರ್ರಿ” ಎಂದರು. ಆ ಆಗಸ್ಟ್ ತಿಂಗಳಲ್ಲಿ ಸಾಂಗ್ಲಿಯ ಐರ್ವಿನ್ ಸೇತುವೆಯ ಬಳಿ, 45 ಅಡಿ ಅಪಾಯದ ಮಟ್ಟವಿರುವಲ್ಲಿ, ಕೃಷ್ಣೆ 57 ಅಡಿ ದಾಟಿ ಹರಿದದ್ದು ನಿಮಗೆ ನೆನಪಿರಬಹುದು. ಜನ ಜೀವ ಉಳಿಸಿಕೊಂಡು ಓಡಿದರು, ಗಾಡಿ ಸ್ಟೇರಿಂಗಿನವರೆಗೆ ನೀರಿನಲ್ಲಿ ನಿಂತಿತು. ಫೈಬರಿನ ಮೈಗೆ ತುಕ್ಕು ಹಿಡಿಯುವುದಿಲ್ಲ, ಸರಿ. ಆದರೆ ಕೆಳಗಿನ ಚಾಸಿ ಕಬ್ಬಿಣದ್ದು, ವಾಯರಿನ ಒಳಗೆಲ್ಲ ತಾಮ್ರ. ನೆರೆಯ ನೀರು ವಾಯರಿನ ಒಳಗೆ ಸೇರಿಕೊಂಡರೆ ತಿಂಗಳಲ್ಲ, ವರ್ಷಗಳ ನಂತರವೂ ಹೀಗೆ ಕಾಡುತ್ತದೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದುದರಿಂದ ಆಗ ಒಂದು ರೂಪಾಯಿ ಪರಿಹಾರವೂ ಸಿಕ್ಕಿರಲಿಲ್ಲ. ಇಡೀ ವಾಯರಿಂಗ್ ಬದಲಿಸಿದ್ದರು, ಇದೊಂದು ಉಳಿದಿತ್ತು. ಬ್ಯಾಟರಿಯಿಂದ ನೇರವಾಗಿ ಒಂದು ವಾಯರ್ ಎಳೆದು, ನಡುವೆ ಫ್ಯೂಸ್ ಹಾಕಿ ಫ್ಯಾನಿಗೆ ಕೊಟ್ಟರು. ಅದು ತಿರುಗಿತು. ಅಂದು ಬೆಳಗಾವಿ ಮುಟ್ಟುವವರೆಗೆ ಫ್ಯಾನಿನ ಸದ್ದಿಗೆ ಕಿವಿ ಕೊಟ್ಟೇ ಕೂತಿದ್ದೆ.

ರಾತ್ರಿ ಬೆಳಗಾವಿಯಲ್ಲಿ ಉಳಿದು, ನೋಟ್ ಬುಕ್ಕಿನಲ್ಲಿ ಲೆಕ್ಕ ಬರೆಯಲು ಕೂತೆ. ಹಾಗೆಯೇ ಹಿಂದಿನ ಪುಟಗಳನ್ನು ತಿರುವಿದೆ. ತಪ್ಪೇ, ಒಪ್ಪಿಕೊಳ್ಳುತ್ತೇನೆ. 2019ರ ನವೆಂಬರಿನ ಪುಟದಲ್ಲಿ ಕಾಕು ಬರೆದಿದ್ದರು: ವಾಯರಿಂಗ್ ಇಷ್ಟು, ಎಂಜಿನ್ ಬಿಚ್ಚಿ ತೊಳೆದದ್ದಕ್ಕೆ ಇಷ್ಟು, ಸೀಟು ಇಷ್ಟು. ಅದರ ಎದುರಿಗೆ ಜಮಾ ಕಡೆ ಒಂದೇ ಸಾಲು: ನನ್ನ ಬಳಿ ಎರಡು, ನಾನೇ ಕೊಟ್ಟೆ.

ಮರುದಿನ ಕಿತ್ತೂರು, ಧಾರವಾಡ, ಹುಬ್ಬಳ್ಳಿ ದಾಟಿದರೂ ನಾನು ಏನೂ ಕೇಳಲಿಲ್ಲ. ರಾಣೆಬೆನ್ನೂರಿನ ಆಚೆ, ರಸ್ತೆ ನೆಟ್ಟಗೆ ಸಾಗುವಲ್ಲಿ, ಕಾಕಾ ತಾವಾಗಿಯೇ ಮಾತು ತೆಗೆದರು. ಇದು ಪಾಪನಿವೇದನೆಯಲ್ಲಿ ಹೇಳಿದ್ದಲ್ಲ, ಬರೆಯಲು ಅವರ ಒಪ್ಪಿಗೆಯೂ ಇದೆ. ನೆರೆಯ ನಂತರ ಗಾಡಿಯನ್ನು ಗುಜರಿಗೆ ಹಾಕುವುದೆಂದು ಅವರೇ ತೀರ್ಮಾನಿಸಿದ್ದರು. ಕಾಕು ಬಿಡಲಿಲ್ಲ. “ಗಾಡಿ ಹ್ವಾದ್ರ ನೀವು ಮನ್ಯಾಗ ಕೂತ ಕೂತ ಮುದುಕ ಆಕ್ಕೀರಿ” ಎಂದು ಕೈಯ ಬಳೆ ಬಿಚ್ಚಿಕೊಟ್ಟರು. ಆಕೆ ಹೋದ ಮೇಲೆ ಮಗಳು ತಾಯಿಯ ಬಳೆ ಎಲ್ಲಿ ಎಂದು ಕೇಳಿದಳು. ಗಾಡಿಗೆ ಹೋಯಿತು ಎಂದರು. ಆ ಮಾತಿಗೆ ಮುರಿದ ಸಂಬಂಧ. ಹಬ್ಬಕ್ಕೊಂದು ಫೋನು, ಅಷ್ಟೇ.

“ಅವಳೇ ಕೊಟ್ಲಂತ ಹೇಳಬೇಕಿತ್ತಲ್ಲ ಕಾಕಾ?”

“ಹೆಂಗ್ ಹೇಳೂದ್ರಿ? ಸತ್ತವ್ಳ ಮ್ಯಾಲ ಹಾಕಿ ನಾ ಪಾರಾದಂಗ ಆಗತಿತ್ತು.”

ಆಮೇಲೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುವವರೆಗೆ ಇಬ್ಬರೂ ಮಾತಾಡಲಿಲ್ಲ. ಆ ನೋಟ್ ಬುಕ್ಕನ್ನು ಮಗಳಿಗೆ ತೋರಿಸಿ ಎನ್ನಬೇಕೆಂದು ಹಲವು ಸಲ ಬಾಯಿಗೆ ಬಂತು. ಹೆಂಡತಿ ಹೋದ ಮೇಲೆ ಅವರು ಆ ಪುಟಗಳನ್ನು ತೆರೆದು ನೋಡಿದ್ದಾರೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೊನೆಗೆ ಸುಮ್ಮನಿದ್ದುಬಿಟ್ಟೆ.

ರಾತ್ರಿ ಚಿತ್ರದುರ್ಗದಲ್ಲಿ ತಂಗಿದೆವು. ಗಾಳಿಯಂತ್ರಗಳು ತಿರುಗುವ ಆ ಗುಡ್ಡಗಳನ್ನು ನೋಡುತ್ತ ಕಾಕಾ ತಮ್ಮ ಹುಡುಗತನದ ಇನ್ನೊಂದು ಸುದ್ದಿ ಹೇಳಿದರು. 1968ರಲ್ಲಿ ಲಂಡನ್ನಿನಿಂದ ಸಿಡ್ನಿಗೆ ಕಾರುಗಳ ಪೈಪೋಟಿ ನಡೆದಿತ್ತು. ದೆಹಲಿಯ ಮೇಲಿಂದ ಮುಂಬಯಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋಗಿದ್ದವು. ಹೊರಟ 98 ಕಾರುಗಳಲ್ಲಿ ಗುರಿ ಮುಟ್ಟಿದ್ದು 56. ಜೀನ್ ಡೆಂಟನ್ ಎಂಬ ಇಂಗ್ಲೆಂಡಿನ ಮಹಿಳೆ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರಿನಲ್ಲಿ 42ನೆಯವರಾಗಿ ತಲುಪಿದ್ದರು. ಆಗ ಕಾಕಾನಿಗೆ ಹದಿನೈದು ವರ್ಷ. ಗೆದ್ದವರ ಹೆಸರು ಅವರಿಗೆ ನೆನಪಿರಲಿಲ್ಲ, ಡೆಂಟನ್ ಅವರದು ನೆನಪಿತ್ತು.

ಮೂರನೆಯ ದಿನ ಮಧ್ಯಾಹ್ನ ಬೆಂಗಳೂರು. ತುಮಕೂರು ದಾಟಿದ ಮೇಲಿನ ವಾಹನಗಳ ಗದ್ದಲವನ್ನು ನಾನು ವರ್ಣಿಸಬೇಕಾಗಿಲ್ಲ. ಕಾಕಾ ಎಳೆದಿದ್ದ ವಾಯರು ತನ್ನ ಕೆಲಸ ಮಾಡಿತು. ನೋಟ್ ಬುಕ್ಕಿನಲ್ಲಿ ಬರೆದೆ: ಒಟ್ಟು 658 ಕಿಲೋಮೀಟರ್, 45 ಲೀಟರ್ ಪೆಟ್ರೋಲ್, ಅರ್ಧ ಲೀಟರ್ ಕೂಲಂಟ್.

ಮಗಳ ಮನೆಯ ಗೇಟಿನಲ್ಲಿ ಗಾಡಿ ನಿಂತಾಗ ಆಕೆ ಹೊರಗೆ ಬಂದಳು. ಮೊದಲು ಅಪ್ಪನನ್ನಲ್ಲ, ಗಾಡಿಯನ್ನೇ ನೋಡುತ್ತ ನಿಂತಳು. “ಇದರಾಗ ಬಂದ್ರಿ? ಈ ವಯಸ್ಸಿನ್ಯಾಗ?” ಎಂದಳು. ಊಟ ಹಾಕಿದಳು, ನನ್ನ ಕುಶಲ ಕೇಳಿದಳು. ಅಪ್ಪನಿಗೂ ಮಗಳಿಗೂ ನಡುವೆ ಉಪ್ಪು, ಉಪ್ಪಿನಕಾಯಿ ಬಿಟ್ಟು ಬೇರೆ ಮಾತಿಲ್ಲ. ನಾನು ಒಳಗೆ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಗಾಡಿ ಇಲ್ಲ. ಪೆಟ್ರೋಲ್ ಹಾಕಿಸಲು ಹೋಗಿದ್ದಾರೆ, ಅಪ್ಪನಿಗೆ ದಾರಿ ಗೊತ್ತಿಲ್ಲವೆಂದು ಇವಳೂ ಜೊತೆಗೆ ಹೋಗಿದ್ದಾಳೆ ಎಂದು ಅಳಿಯ ಹೇಳಿದರು. ಬಂಕು ಅಲ್ಲಿಂದ ಒಂದು ಕಿಲೋಮೀಟರ್ ಇದ್ದೀತು. ಅವರು ಮರಳಿದ್ದು ಎರಡು ತಾಸಿನ ಮೇಲೆ. ಮಗಳ ಕಣ್ಣು ಕೆಂಪಾಗಿತ್ತು. ನೀಲಿ ರಟ್ಟಿನ ಪುಸ್ತಕ ಅವಳ ಮಡಿಲಲ್ಲಿತ್ತು; ಸೀಟಿನಲ್ಲಿ ಕೂತವರು ಬರೆಯಬೇಕೆಂಬ ನಿಯಮವನ್ನು ಕಾಕಾ ಅವಳಿಗೂ ಹೇಳಿರಬೇಕು.

ಎರಡು ದಿನ ಬಿಟ್ಟು ಕಾಕಾ ಊರಿಗೆ ಹೊರಟರು. ತಾನೂ ಬರುತ್ತೇನೆ, ತಾಯಿಯ ಸಮಾಧಿಗೆ ಹೋಗಬೇಕು ಎಂದಳು ಮಗಳು. ಇರುವುದು ಎರಡೇ ಸೀಟು. ನಾನು ಚೀಲ ಹಿಡಿದು ಸ್ಟೇಷನ್ನಿಗೆ ಹೋಗಿ, ರಾಣಿ ಚೆನ್ನಮ್ಮ ರೈಲು ಹತ್ತಿ ಮಿರಜಕ್ಕೆ ಬಂದಿಳಿದೆ. ಅವರು ಊರು ಸೇರಿದ ಸಂಜೆ ಕಾಕಾ ಫೋನ್ ಮಾಡಿದರು. ತವಂದಿ ಘಾಟಿನಲ್ಲಿ ಮತ್ತೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತ್ತಂತೆ, ಆದರೆ ಈ ಸಲ ಇಳಿಜಾರು, ಫ್ಯಾನೂ ತಿರುಗುತ್ತಿತ್ತಂತೆ. ಹಿಂದಿನಿಂದ ಮಗಳ ದನಿ ಕೇಳಿಸಿತು: “ಅಪ್ಪಾ, ಮೀಟರ್ ಎಷ್ಟ್ ತೋರಸತೈತಿ, ಹೇಳು, ಬರಕೋತೇನಿ.”